ಅಲೆಕ್ಸಾಂಡರ್ ‘ಮಹಾನ್’ ಅಲ್ಲ ಎಂದು ವಾದಿಸುವ ಬಗೆ
ಅಲೆಕ್ಸಾಂಡರ್ ‘ಮಹಾನ್’ ಅಲ್ಲ ಎಂಬ ಪಕ್ಷ ವಹಿಸಿರುವ ನಿಮ್ಮ ಚರ್ಚಾಸ್ಪರ್ಧೆಯ ಅಭ್ಯಾಸವು ಪ್ರತಿ ಸಲವೂ ಎದುರಾಳಿ ‘ಗೆದ್ದ’ ಎನ್ನುವುದು, ನೀವು ‘ಕೊಂದ’ ಎನ್ನುವುದು ಎಂಬಲ್ಲಿಗೇ ಬಂದು ನಿಲ್ಲುವುದಕ್ಕೆ ಕಾರಣ, ಅಲೆಕ್ಸಾಂಡರನ ಸೇನಾಪತಿತ್ವ, ಅರಸುತನ ಎರಡನ್ನೂ ‘ಮಹಾನ್’ ಎಂಬ ಒಂದೇ ಪದದಿಂದ ಅಳೆಯುತ್ತಿರುವುದು. ಮೊದಲು ಅವನ್ನು ಬೇರ್ಪಡಿಸಿ, ಸೇನಾಪತಿತ್ವವನ್ನು ಎದುರಾಳಿಗೆ ಧಾರಾಳವಾಗಿ ಬಿಟ್ಟುಕೊಡಿ; ಅವನು ಪರ್ಷಿಯದ ಚಕ್ರವರ್ತಿಯನ್ನು ಸೋಲಿಸಿದ ಕ್ರಿ.ಪೂ. 331ರ ಗೌಗಮೇಲಾ ಕಾಳಗದ ವಿಷಯದಲ್ಲಿ ನೀವು ಗೆಲ್ಲಲಾರಿರಿ. ಅನಂತರ ಅರಸುತನಕ್ಕೆ ಬನ್ನಿ: 335ರಲ್ಲಿ ಗ್ರೀಸಿನ ಥೀಬ್ಸ್ ನಗರವನ್ನು ನೆಲಸಮ ಮಾಡಿ ಬದುಕುಳಿದವರಲ್ಲಿ ಬಹುಪಾಲು ಜನರನ್ನು ಗುಲಾಮರನ್ನಾಗಿ ಮಾರಿದ್ದು, 323ರಲ್ಲಿ ಬ್ಯಾಬಿಲೋನಿನಲ್ಲಿ ಸತ್ತಾಗ ಆಳಬಲ್ಲ ಉತ್ತರಾಧಿಕಾರಿಯಿಲ್ಲದೆ ಸೇನಾನಿಗಳು ಸಾಮ್ರಾಜ್ಯವನ್ನು ಹರಿದು ಹಂಚಿಕೊಂಡದ್ದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಬಲವಾದ ಅಸ್ತ್ರ, ಏಕೆಂದರೆ ಕ್ರೌರ್ಯಕ್ಕೆ ‘ಆ ಕಾಲವೇ ಹಾಗಿತ್ತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪರ್ಷಿಯದ ರಾಜಧಾನಿ ಪರ್ಸೆಪೊಲಿಸ್‌ನ ಅರಮನೆಗೆ ಅವನು ಬೆಂಕಿಯಿಟ್ಟ ಮಾತನ್ನು ಎತ್ತಬೇಡಿ; ಅದು ಸೇಡೋ ಕುಡಿತದ ಅಮಲೋ ಎಂಬುದರಲ್ಲಿ ಪ್ರಾಚೀನ ಲೇಖಕರಲ್ಲಿಯೇ ಒಮ್ಮತವಿಲ್ಲ. ಎದುರಾಳಿಯು ಈಜಿಪ್ಟಿನಲ್ಲಿ ಅವನು ಸ್ಥಾಪಿಸಿದ ಅಲೆಕ್ಸಾಂಡ್ರಿಯ ನಗರದ ವೈಭವವನ್ನು ಮುಂದಿಟ್ಟರೆ, ಅದನ್ನು ಬೆಳೆಸಿದವರು ಅವನ ನಂತರ ಅಲ್ಲಿ ಆಳಿದ ಟಾಲೆಮಿ ಅರಸರೆಂದು ನೆನಪಿಸಿ.