ಕತ್ತರಿ ಹಾಕಕ್ಕೆ ಕೈ ಬರಾಕಿಲ್ಲ ಅಂದ ಟೈಲರ್ ಅಕ್ಕ

ನಾನು ಕೌನ್ಸೆಲರ್, ಮೈನೋವು ಅಂತ ಬಂದು ಕೊನೆಗೆ ಖಿನ್ನತೆ (ಡಿಪ್ರೆಶನ್) ಅಂತ ಗೊತ್ತಾಗೋ ಕೇಸು ನನ್ನ ಹತ್ರ ಎಷ್ಟು ಸಲ ಬರುತ್ತೆ ಅಂದ್ರೆ ಬಾಗಿಲಲ್ಲೇ ಅರ್ಧ ಗೊತ್ತಾಗ್ಬಿಡುತ್ತೆ. ಕೈಲೊಂದು ದಪ್ಪ ಕವರ್, ಒಳಗೆ ಇಸಿಜಿ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಎಲ್ಲಾ ನಾರ್ಮಲ್. ಜೊತೆಗೆ ಬಂದೋರು "ಗ್ಯಾಸ್ಟ್ರಿಕ್ಕೇ ಮೇಡಂ, ಆದ್ರೂ ಡಾಕ್ಟ್ರು ಒಂದ್ಸಲ ಕೌನ್ಸೆಲಿಂಗ್‌ಗೆ ತೋರ್ಸಿ ಅಂದ್ರು" ಅಂತಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿ ಇದನ್ನ ಬರೀತಿದೀನಿ.

ಮಂಡ್ಯ ಹತ್ರದ ಒಂದು ಊರು, ನಲವತ್ತರ ಆಸುಪಾಸಿನ ಹೆಂಗಸು, ಗಂಡನಿಗೆ ಕಬ್ಬಿನ ಗದ್ದೆ, ಈಕೆ ಮನೇಲೇ ಬ್ಲೌಸ್ ಹೊಲೀತಾರೆ. ತಮ್ಮ ಮೈಸೂರಲ್ಲಿ ಕೆಲಸಕ್ಕಿದಾನೆ, ಅವನೇ ಕರ್ಕೊಂಡು ಬಂದಿದ್ದು. ಗಂಡನೂ ಬಂದಿದ್ರು, ಆದ್ರೆ ಹೊರಗೆ ಬೈಕ್ ಹತ್ರಾನೇ ನಿಂತಿದ್ರು. ಇದಕ್ಕೆ ಮುಂಚೆ ಬೇರೆ ಒಂದು ಕಡೆ ತಿಂಗಳುಗಟ್ಟಲೆ ಕೌನ್ಸೆಲಿಂಗ್ ಆಗಿತ್ತು, ಅಲ್ಲಿ ಏನ್ ಮಾಡ್ಸಿದ್ರು ಅಂತ ಕೇಳಿದ್ರೆ "ಪಾಸಿಟಿವ್ ಆಗಿ ಯೋಚ್ನೆ ಮಾಡಿ ಅಂತಿದ್ರು, ನಾನೂ ಹ್ಞೂಂ ಅಂತಿದ್ದೆ" ಅಂದ್ರು. ಅಷ್ಟೇ.

ಬೇಜಾರಾಗುತ್ತಾ ಅಂತ ನಾನು ಕೇಳಲ್ಲ, ಕೇಳಿದ್ರೆ ನಮ್ ಕಡೆ ಹೆಂಗಸರು "ಇಲ್ಲ ಮೇಡಂ, ಯಾಕ್ ಬೇಜಾರು, ಎಲ್ಲಾ ಚೆನ್ನಾಗವ್ರೆ" ಅಂತ ಮಾತು ಮುಗಿಸ್ಬಿಡ್ತಾರೆ. ಯಾವ ಕೆಲಸ ನಿಂತಿದೆ ಅಂತ ಕೇಳ್ತೀನಿ. ಆಗ ಬಾಯಿ ಬಿಟ್ರು.

"ಅಳತೆ ಬ್ಲೌಸ್ ಇಟ್ಕತೀನಿ, ಚಾಕ್‌ಪೀಸಲ್ಲಿ ಗೆರೆ ಎಳೀತೀನಿ, ಮತ್ತೆ ಟೇಪ್ ಹಿಡಿದು ನೋಡ್ತೀನಿ, ಸರಿಯಾಗೇ ಇರ್ತದೆ, ಆದ್ರೂ ಕತ್ತರಿ ಹಾಕಕ್ಕೆ ಕೈ ಬರಾಕಿಲ್ಲ ಮೇಡಂ. ತಪ್ಪೋದ್ರೆ ಅವ್ರ ಬಟ್ಟೆ ಹಾಳು. ಹಂಗೇ ಮಡಚಿ ಕವರ್ಗೆ ಹಾಕಿಡ್ತೀನಿ. ಕವರ್ ನೋಡುದ್ರೆ ಎದೆ ಡವಡವ ಅಂತದೆ."

ಹದಿನೈದು ವರ್ಷದಿಂದ ಕಣ್ಣುಮುಚ್ಕೊಂಡು ಕತ್ತರಿಸ್ತಿದ್ದ ಕೈ ಅದು. ಮನೆಯವರು ಇದಕ್ಕೆ ಸೋಮಾರಿತನ ಅಂತಿದ್ರು, ಗಿರಾಕಿಗಳು ದುರಹಂಕಾರ ಅಂತಿದ್ರು. ನಿರ್ಧಾರ ತಗೊಳಕ್ಕೆ ಆಗ್ದೇ ಇರೋದು, ಗಮನ ನಿಲ್ಲದೇ ಇರೋದು ಖಿನ್ನತೆಯ ಲಕ್ಷಣಗಳಲ್ಲೇ ಬರುತ್ತೆ, ಡಿಪ್ರೆಶನ್ ಅಂದ್ರೆ ಮೂಲೇಲಿ ಕೂತು ಅಳೋದು ಅಂದ್ಕೊಂಡಿರೋರಿಗೆ ಇದು ಕಾಣೋದೇ ಇಲ್ಲ. ಆಮೇಲೆ ಒಂದೊಂದೇ ಬಂತು: ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರ, ಊಟ ಸೇರಲ್ಲ, ಮೈಯೆಲ್ಲಾ ಭಾರ, ತವರಿನ ಹಬ್ಬಕ್ಕೂ ಹೋಗಿಲ್ಲ, ನಾನು ಇವ್ರಿಗೆಲ್ಲ ಹೊರೆ ಅನ್ನೋ ಯೋಚನೆ. ಎರಡು ವಾರ ಇದ್ರೇನೇ ನಾವು ಗಂಭೀರವಾಗಿ ತಗೋತೀವಿ, ಇವರಿಗೆ ಐದಾರು ತಿಂಗಳಾಗಿತ್ತು. ಪಿಎಚ್‌ಕ್ಯು-9 ಅಂತ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಒಟ್ಟು 27 ಅಂಕ, 20 ಮುಟ್ಟಿದ್ರೆ ತೀವ್ರ ಖಿನ್ನತೆ ಅಂತ ಲೆಕ್ಕ. ಇವರದ್ದು ದಾಟಿತ್ತು.

ಸಾಯ್ಬೇಕು ಅನ್ಸುತ್ತಾ ಅಂತ ನೇರವಾಗೇ ಕೇಳ್ದೆ. ತಮ್ಮನಿಗೆ ಗಾಬರಿ, "ಹಂಗೆಲ್ಲ ಕೇಳ್ಬೇಡಿ ಮೇಡಂ" ಅಂದ. ಕೇಳಿದ್ರೆ ಆ ಯೋಚನೆ ಹುಟ್ಟಲ್ಲಪ್ಪ, ಇರೋ ಯೋಚನೆ ಹೇಳ್ಕೊಳಕ್ಕೆ ಜಾಗ ಸಿಗುತ್ತೆ. ಆಕೆ ಸ್ವಲ್ಪ ಹೊತ್ತು ಬಿಟ್ಟು "ಸಾಯ್ಬೇಕು ಅಂತಲ್ಲ, ಮಲಗಿದ್ದೋಳು ಏಳ್ದೇ ಇದ್ರೆ ಚೆನ್ನಾಗಿತ್ತು ಅಂತ" ಅಂದ್ರು. ತಮ್ಮ ತಲೆ ತಗ್ಗಿಸ್ದ.

ಅವತ್ತೇ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ. ಇಲ್ಲೇ ಜನ ನನ್ನ ಮೇಲೆ ಬೀಳೋದು, ಕೌನ್ಸೆಲರ್ ಆಗಿ ನೀವೇ ಮಾತ್ರೆಗೆ ಕಳಿಸಿದ್ರೆ ನೀವ್ಯಾಕೆ ಇರೋದು ಅಂತ. ಹೇಳ್ತೀನಿ ಕೇಳಿ. ಸೌಮ್ಯವಾಗಿದ್ರೆ ಬರೀ ಥೆರಪಿಯಿಂದ ಶುರು ಮಾಡಬಹುದು, ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತೆ. ತೀವ್ರವಾಗಿದ್ದಾಗ ಮಾತ್ರೆ, ಥೆರಪಿ ಎರಡೂ ಒಟ್ಟಿಗೆ ಹೋದ್ರೆ ಒಳ್ಳೇದು, ನಾನು ಮಾತ್ರೆ ಬರೆಯೋ ಹಾಗಿಲ್ಲ, ಥೈರಾಯ್ಡ್ ಕಮ್ಮಿಯಾಗಿದ್ರೂ ರಕ್ತ ಕಮ್ಮಿಯಾಗಿದ್ರೂ ಹೀಗೇ ಸುಸ್ತು ಮಂಕು ಬರುತ್ತೆ, ಅದನ್ನ ಮಾತಾಡಿಸಿ ಕಂಡುಹಿಡಿಯಕ್ಕಾಗಲ್ಲ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಸರ್ಕಾರಿ ಆಸ್ಪತ್ರೆ, ಎರಡೂ ಕಡೆ ಮನೋವೈದ್ಯ ವಿಭಾಗ ಇದೆ, ದುಡ್ಡಿಲ್ಲ ಅಂತ ಸುಮ್ನಿರೋದು ಬೇಡ.

ಗಂಡನ್ನ ಒಳಗೆ ಕರೆಸಿ ಹೇಳಿದ್ದು ಒಂದೇ: ಮಾತ್ರೆ ಕೆಲಸ ಶುರು ಮಾಡಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ವಾಕರಿಕೆ ಗೀಕರಿಕೆ ಇರಬಹುದು, ಚೆನ್ನಾಗಾದ್ಮೇಲೂ ಆರು ತಿಂಗಳಾದ್ರೂ ತಗೋಬೇಕು, ನೀವಾಗೇ ನಿಲ್ಲಿಸ್ಬೇಡಿ. "ಅಭ್ಯಾಸ ಆಗ್ಬುಡಲ್ವಾ?" ಅಂದ್ರು. ಖಿನ್ನತೆ ಮಾತ್ರೆ ನಿದ್ದೆ ಮಾತ್ರೆ ತರ ಚಟ ಹಿಡ್ಸಲ್ಲ, ಆದ್ರೆ ದಿಢೀರ್ ಅಂತ ಬಿಟ್ರೆ ತಲೆಸುತ್ತು, ಚಡಪಡಿಕೆ ಆಗುತ್ತೆ, ಡಾಕ್ಟರ್ ನಿಧಾನಕ್ಕೆ ಇಳಿಸ್ತಾರೆ ಅಂತ ಬಿಡಿಸಿ ಹೇಳ್ಬೇಕಾಯ್ತು.

ಇನ್ನು ಥೆರಪಿ. ಮನಸ್ಸು ಸರಿಯಾದ್ಮೇಲೆ ಹೊಲೀತೀನಿ ಅಂತಿದ್ರು ಆಕೆ. ನಾವು ಉಲ್ಟಾ ಹೋದ್ವಿ, ಬಿಹೇವಿಯರಲ್ ಆಕ್ಟಿವೇಶನ್ ಅಂತಾರೆ ಇದಕ್ಕೆ, ಮೊದಲು ಕೆಲಸ, ಹಿಂದೆ ಮನಸ್ಸು ಬರುತ್ತೆ. ಕತ್ತರಿ ಮುಟ್ಟೋದೇ ಬೇಡ ಅಂದೆ. ಮೊದಲ ವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಬ್ಲೌಸ್‌ಗೆ ಹುಕ್ಸ್ ಹಾಕೋದು, ಅಷ್ಟೇ, ಅದರಲ್ಲಿ ತೀರ್ಮಾನ ಮಾಡೋದೇನಿಲ್ಲ. ಆಮೇಲೆ ಸೀರೆಗೆ ಫಾಲ್ಸ್. ಆಮೇಲೆ ಹಳೇ ಬೆಡ್‌ಶೀಟಿಗೆ ಕತ್ತರಿ. ಮಾಡಿದ್ದು, ಮಾಡ್ದೇ ಇದ್ದಿದ್ದು, ಮನಸ್ಸು ಹೆಂಗಿತ್ತು, ಎಲ್ಲಾ ಮಗಳ ಹಳೇ ನೋಟ್‌ಬುಕ್ಕಲ್ಲಿ ಬರ್ಕೊಂಡು ಬರೋದು. ಒಂದು ವಾರ ಪೂರ್ತಿ ಖಾಲಿ ಪುಟ ತಂದ್ರು, ಅದರ ಬಗ್ಗೇನೇ ಮಾತಾಡಿದ್ವಿ.

ಇಷ್ಟು ಸಣ್ಣದಾ ಅಂತ ನಗೋರಿಗೆ: ಗೋವಾದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೇ ವಿಧಾನದ ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ ಮಾಡಿದ್ರು. ಮನಶ್ಶಾಸ್ತ್ರ ಓದದೇ ಇದ್ದ ಸಾಮಾನ್ಯ ಜನಕ್ಕೇ ತರಬೇತಿ ಕೊಟ್ಟು ಆರರಿಂದ ಎಂಟು ಸೆಶನ್ ಮಾಡಿಸಿ, ಫಲ ಇದೆ ಅಂತ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ್ರು. ಅಂದ್ರೆ ಗೋಡೆ ಮೇಲಿನ ಸರ್ಟಿಫಿಕೇಟ್ ಒಂದೇ ಅಲ್ಲ, ಕೈಲಿ ವಿಧಾನ ಇರ್ಬೇಕು. ಹಾಗಂತ ಓದು ನೋಡಬೇಡಿ ಅಂತಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಕೇಳಿ, ಕೇಳೋದು ನಿಮ್ಮ ಹಕ್ಕು. ಯಾರೇ ಆಗ್ಲಿ, ಯಾವ ಥೆರಪಿ ಮಾಡ್ತೀರ, ಎಷ್ಟು ಸೆಶನ್ ಆಗಬಹುದು, ಗುಣ ಆಗ್ತಿದೆಯಾ ಇಲ್ವಾ ಅಂತ ಹೆಂಗೆ ನೋಡ್ತೀರ ಅಂತ ಮೊದಲೇ ಕೇಳಿ. ಕೇಳಿದ್ದಕ್ಕೇ ಮುಖ ಗಂಟಿಕ್ಕಿದ್ರೆ ಬೇರೆಯವರನ್ನ ಹುಡುಕಿ. ಆರೇಳು ಸೆಶನ್ ಆದ್ರೂ ಸ್ವಲ್ಪಾನೂ ಬದಲಾವಣೆ ಇಲ್ದಿದ್ರೆ ನನ್ನನ್ನೂ ಸೇರಿಸಿ ಯಾರನ್ನಾದ್ರೂ ಪ್ರಶ್ನೆ ಮಾಡಿ.

ಹೋಗಕ್ಕೇ ಧೈರ್ಯ ಇಲ್ದೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಸಾಯೋ ಯೋಚನೆ ಬರ್ತಿದ್ರೆ ಇವತ್ತೇ ಮಾಡಿ, ಮನೇಲಿ ಒಬ್ಬರಿಗಾದ್ರೂ ಹೇಳಿ.

ಆಕೆ ಈಗ ಮಾತ್ರೆ ತಗೋತಿದಾರೆ, ವಾರಕ್ಕೆ ನಾಲ್ಕೈದು ಬ್ಲೌಸ್ ಹೊಲೀತಾರೆ, ಮುಂಚಿನಷ್ಟು ಇಲ್ಲ. ಹಬ್ಬಕ್ಕೆ ಅರ್ಜೆಂಟ್ ಅಂದವರಿಗೆ ಆಗಲ್ಲ ಅಂದ್ರಂತೆ, ಅದಕ್ಕೆ ಅತ್ತೆ ಮುನಿಸ್ಕೊಂಡಿದಾರೆ. ಮುಂದಿನ ಸೆಶನ್‌ಗೆ ಅತ್ತೇನೂ ಕರ್ಕೊಂಡು ಬನ್ನಿ ಅಂದಿದೀನಿ.