ಏಳು ಸಾವಿರ ಫೋಟೋ ಕೊಟ್ಟರೂ ಬಾಕಿ ಬರಲಿಲ್ಲ

(ಗುರುತು ಸಿಗದಂತೆ ಊರು, ವಯಸ್ಸು, ಮೊತ್ತಗಳನ್ನು ಬದಲಿಸಲಾಗಿದೆ. ಬರೆಯಲು ಆ ಛಾಯಾಗ್ರಾಹಕರ ಒಪ್ಪಿಗೆ ಇದೆ.)

ಮದುವೆ ಫೋಟೋ ತೆಗೆಯುವವರು ನನ್ನ ಬಳಿ ಆಪ್ತಸಲಹೆಗೆ ಬಂದು ಕೂತ ಕೂಡಲೇ ಆಡುವ ಮಾತು ಹೆಚ್ಚುಕಡಿಮೆ ಒಂದೇ: "ಫೋನ್ ರಿಂಗ್ ಆದ್ರೆ ಎದೆ ಹೊಡ್ಕೊಳ್ಳುತ್ತೆ." ನಿದ್ದೆ ಇಲ್ಲ, ಸಿಸ್ಟಂ ಮುಂದೆ ಕೂರುತ್ತಾರೆ, ಫೋಟೋ ತಿದ್ದುವ ಲೈಟ್‌ರೂಮ್ ತೆರೆಯುತ್ತಾರೆ, ಮುಚ್ಚುತ್ತಾರೆ. ಕೆದಕಿದರೆ ಅಡಿಯಲ್ಲಿ ಆಲ್ಬಂ ಆಗದ ಮೂರೋ ನಾಲ್ಕೋ ಮದುವೆಗಳು ಸಿಗುತ್ತವೆ. ಅದೆಲ್ಲಕ್ಕೂ ಬೇರು ಒಂದೇ ದಿನದಲ್ಲಿದೆ: ಎಡಿಟ್ ಮಾಡದ ಫೋಟೋಗಳನ್ನು ರಾಶಿಗಟ್ಟಲೆ ಪೆನ್‌ಡ್ರೈವಿಗೆ ತುಂಬಿ ಕೊಟ್ಟ ದಿನ.

ಈ ಪ್ರಕರಣದವರು ಹಳೆ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರದವರು, ಮೂವತ್ತರ ಆಸುಪಾಸು. ಕರೆತಂದವರು ಹೆಂಡತಿ. ಆರು ವರ್ಷ ಬೇರೆ ಸ್ಟುಡಿಯೋಗಳಿಗೆ ದಿನದ ಲೆಕ್ಕದಲ್ಲಿ ಫ್ರೀಲಾನ್ಸ್ ಮಾಡಿದವರು. ಆ ಕೆಲಸದಲ್ಲಿ ರಾತ್ರಿ ಕಾರ್ಡ್ ಖಾಲಿ ಮಾಡಿ ಡೇಟಾ ಕೊಟ್ಟರೆ ಮುಗಿಯಿತು, ಮುಂದಿನದು ಸ್ಟುಡಿಯೋದವರ ತಲೆನೋವು. ಎರಡು ವರ್ಷದ ಹಿಂದೆ ಸ್ವಂತ ಸ್ಟುಡಿಯೋ ಹಾಕಿದರು. ಬೋರ್ಡು ಬದಲಾಯಿತು, 'ಡೇಟಾ ಕೊಟ್ಟು ಬಂದೆ' ಎನ್ನುವ ಅಭ್ಯಾಸ ಬದಲಾಗಲಿಲ್ಲ.

ಎರಡು ದಿನದ ಮದುವೆ, ಎರಡು ಕ್ಯಾಮೆರಾ, 7,412 ಫ್ರೇಮ್. ಮೂರನೇ ದಿನ ಕ್ಯಾಮೆರಾದ ಜೆಪೆಗ್‌ಗಳನ್ನು ಹಾಗೇ 128 ಜಿಬಿ ಪೆನ್‌ಡ್ರೈವಿಗೆ ಹಾಕಿ ಹುಡುಗಿಯ ತಂದೆಯ ಕೈಗಿಟ್ಟು, "ಸೆಲೆಕ್ಟ್ ಮಾಡಿ ಹೇಳಿ ಅಣ್ಣ, ಆಲ್ಬಂ ಮಾಡ್ಕೊಡ್ತೀನಿ" ಅಂದರು. ಹನ್ನೊಂದು ತಿಂಗಳಾದರೂ ಸೆಲೆಕ್ಷನ್ ಬರಲಿಲ್ಲ. ಆಲ್ಬಂ ಕೊಟ್ಟಾಗ ಬರಬೇಕಿದ್ದ 40,000 ರೂಪಾಯಿಯೂ ಬರಲಿಲ್ಲ. ಅದೇ ಸ್ಥಿತಿಯಲ್ಲಿ ಇನ್ನೂ ಮೂರು ಮದುವೆ.

ಆ ಮನೆಯಲ್ಲಿ ಏನಾಗಿತ್ತೆಂದು ತಂದೆಯ ಸಿಟ್ಟಿನ ವಾಯ್ಸ್ ಮೆಸೇಜುಗಳಿಂದಲೇ ತಿಳಿಯುತ್ತಿತ್ತು. ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಬರುತ್ತವೆ, ಹಳೆಯ ಎಷ್ಟೋ ಟಿವಿಗಳು ಅದನ್ನು ಓದುವುದಿಲ್ಲ. ಇವರ ಟಿವಿಯೂ ಓದಲಿಲ್ಲ. ತಂಗಿಯ ಮಗನ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎಲ್ಲ ಕಪ್ಪುಕಪ್ಪು. ಜರಿ ಸೀರೆ, ಬಿಳಿ ಪಂಚೆಯ ವಿವರ ಸುಟ್ಟುಹೋಗದಿರಲಿ ಎಂದು ಇವರು ಒಂದು ಸ್ಟಾಪ್ (ಅಂದರೆ ಅರ್ಧದಷ್ಟು) ಕಡಿಮೆ ಬೆಳಕಿನಲ್ಲೇ ತೆಗೆಯುವವರು, ಮೇಲೆತ್ತುವ ಕೆಲಸವನ್ನು ಎಡಿಟಿಂಗ್‌ಗೆ ಬಿಟ್ಟವರು. ಗ್ರಾಹಕರಿಗೆ ಕಂಡದ್ದು ಅರ್ಧ ದಾರಿಯ ಕೆಲಸ. ಇದರ ಜೊತೆಗೆ ಎರಡು ಕ್ಯಾಮೆರಾಗಳ ಗಡಿಯಾರಕ್ಕೆ ಏಳು ನಿಮಿಷದ ವ್ಯತ್ಯಾಸವಿತ್ತು. ಸಮಯದ ಪ್ರಕಾರ ಜೋಡಿಸಿದರೆ ತಾಳಿ ಕಟ್ಟಿದ ಮೇಲೆ ಧಾರೆ ಎರೆದಂತೆ ಕಾಣುತ್ತಿತ್ತು. ಬಾಯ್ತುಂಬ ಒಬ್ಬಟ್ಟು ಇಟ್ಟುಕೊಂಡ ಸೋದರತ್ತೆಯ ಫೋಟೋ ಫ್ಯಾಮಿಲಿ ಗ್ರೂಪಿನಲ್ಲಿ ಸುತ್ತಾಡಿ ಬಂತು. ಆಮೇಲೆ ಹೆಣ್ಣಿನ ಕಡೆಯವರು ಎಷ್ಟು, ಗಂಡಿನ ಕಡೆಯವರು ಎಷ್ಟು ಎಂಬ ಎಣಿಕೆ ಶುರುವಾಯಿತು. ಮೂರು ಸಂಜೆ ಕೂತರು, ಎಂಟುನೂರು ದಾಟುವಷ್ಟರಲ್ಲಿ ಜಗಳ. ಪೆನ್‌ಡ್ರೈವ್ ಬೀರು ಸೇರಿತು.

ನಿದ್ದೆ, ಊಟ, ಸಾಯುವ ಯೋಚನೆ, ಇವನ್ನು ಮೊದಲು ಕೇಳುವುದು ಕ್ರಮ. ನಿದ್ದೆ ಕೆಟ್ಟಿತ್ತು, ಉಳಿದ ಎರಡರ ಬಗ್ಗೆ ಆತಂಕ ಪಡುವಂಥದ್ದಿರಲಿಲ್ಲ. (ಇದ್ದಿದ್ದರೆ ಫೈಲಿನ ಮಾತೇ ಬರುತ್ತಿರಲಿಲ್ಲ. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ.)

ಅವರು ಬಂದದ್ದು ಒಂದು ಗಟ್ಟಿ ಉತ್ತರ ಹುಡುಕಿಕೊಂಡು. "ಕಾಪಿರೈಟ್ ನಂದೇ ಅಲ್ವಾ ಮೇಡಂ? ಇನ್ಮೇಲೆ ಯಾರಿಗೂ ರಾ (ಎಡಿಟ್ ಮಾಡದ ಮೂಲ ಫೈಲು) ಕೊಡಲ್ಲ ಅಂತ ಹೇಳ್ಬಿಡ್ತೀನಿ." ಅಮೆರಿಕದ ಛಾಯಾಗ್ರಾಹಕರ ವಿಡಿಯೋ ನೋಡಿ ಕಲಿತ ಮಾತಿದು, ಇಲ್ಲಿ ನಡೆಯುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17(ಬಿ) ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ತೆಗೆದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರು. ತೆಗೆದವರಿಗೆ 57ನೇ ಕಲಮಿನಲ್ಲಿ ಹೆಸರಿನ ಹಕ್ಕು, ಗೌರವಕ್ಕೆ ಕುಂದು ಬರುವಂತೆ ತಿರುಚುವುದನ್ನು ತಡೆಯುವ ಹಕ್ಕು ಉಳಿಯುತ್ತವೆ. ಯಾವ ಫೈಲು, ಯಾವ ರೂಪದಲ್ಲಿ, ಎಷ್ಟು ಎಂಬುದು ಒಪ್ಪಂದದಲ್ಲಿ ಬರೆದುಕೊಳ್ಳಬೇಕಾದ ಮಾತು. ಇವರ ಕೊಟೇಶನ್ನಿನಲ್ಲಿ ಇದ್ದದ್ದು ಎರಡೇ ಪದ: 'ಅನ್‌ಲಿಮಿಟೆಡ್ ಫೋಟೋ'. ಬರೆದವರು ಇವರೇ.

ಮೂರನೇ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದ್ದೆ. ಅದೇ ಮದುವೆಯ ಧಾರೆ ಭಾಗ ತೆರೆದರು, 640 ಫ್ರೇಮ್. "ಇದು ನಿಮ್ಮ ಅಕ್ಕನ ಮದುವೆ ಅಂದ್ಕೊಳ್ಳಿ. ಆಲ್ಬಂಗೆ ಯಾವುದು ಹಾಕ್ತೀರೋ ಅದಕ್ಕೆ ಮಾತ್ರ ಗುರುತು ಹಾಕಿ, ಯಾರಿಗೂ ತೋರಿಸೋದಿಲ್ಲ" ಅಂದೆ. ಬಲಗೈ ಬಾಣದ ಕೀಲಿಯ ಮೇಲೆ, ಎಡಗೈ ಗುರುತು ಹಾಕುವ 'ಪಿ' ಕೀಲಿಯ ಮೇಲೆ. ಹನ್ನೊಂದು ತಿಂಗಳು ಮುಟ್ಟಲಾಗದೆ ಕೂತಿದ್ದ ಮನುಷ್ಯ ಹನ್ನೊಂದು ನಿಮಿಷದಲ್ಲಿ ಮುಗಿಸಿದರು. ಉಳಿದದ್ದು 34. ಎಲ್ಲೂ ನಿಲ್ಲದ ಕೈ ಒಂದು ಕಡೆ ಮಾತ್ರ ನಿಂತಿತು: ಧಾರೆಯ ನೀರು ಬಿಡುವ ತಂದೆಯ ಕೈ, ಅದನ್ನೇ ನೋಡುತ್ತಿರುವ ಮಗಳು.

ಬಿಟ್ಟ ಫೋಟೋಗಳಲ್ಲಿ ಮಾಂಗಲ್ಯಧಾರಣೆಯ ಒಂದು ಸಾಲು ತೆರೆಸಿ, ಇವನ್ನು ಯಾಕೆ ಬಿಟ್ಟಿರಿ ಎಂದು ಒಂದೊಂದಾಗಿ ಕೇಳಿದೆ. ತಡವರಿಸದೆ ಹೇಳುತ್ತ ಹೋದರು. ಇದರಲ್ಲಿ ಪುರೋಹಿತರ ಮೊಣಕೈ ಅಡ್ಡ. ಇದರಲ್ಲಿ ಅಕ್ಷತೆ ಕಾಳು ಸರಿಯಾಗಿ ಕಣ್ಣಿನ ಮೇಲೆ. ಇಲ್ಲಿ ಫೋಕಸ್ ಹಿಂದಿನ ವಾಲಗದವರಿಗೆ ಹೋಗಿದೆ. ಇಲ್ಲಿ ಸ್ಟೇಜಿನ ಎಲ್‌ಇಡಿಯಿಂದ ಪಟ್ಟೆ ಬಂದಿದೆ, ಶಟರ್ ವೇಗ ಜಾಸ್ತಿಯಾಗಿತ್ತು. ಇದು ಚೆನ್ನಾಗಿದೆ, ಆದರೆ ಮುಂದಿನದು ಇದಕ್ಕಿಂತ ಚೆನ್ನಾಗಿದೆ. ನಾನು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಹದಿನಾಲ್ಕು ಕಾರಣ ಆಯಿತು.

"ಈ ಕೆಲಸಕ್ಕೆ ಎಷ್ಟು ತಗೋತೀರಿ?" ಎಂದು ಕೇಳಿದೆ.

"ಇದೇನ್ ಕೆಲ್ಸ ಮೇಡಂ, ಸುಮ್ನೆ ನೋಡಿದ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಏಳು ಸಾವಿರ ಕೊಟ್ರೆ ದುಡಿದಿದ್ದಾನೆ ಅನ್ಸುತ್ತೆ ಅವ್ರಿಗೆ. ಆರಿಸಿ ಕಮ್ಮಿ ಕೊಟ್ರೆ, ಇಷ್ಟಕ್ಕಾ ಲಕ್ಷ ತಗೊಂಡ ಅಂತಾರೆ."

ಇಡೀ ಪ್ರಕರಣ ಈ ಮಾತಿನಲ್ಲಿತ್ತು. ಅವರ ಪಾಲಿಗೆ ಆ ರಾಶಿ ಫೋಟೋ ಅಲ್ಲ, ಬೆವರಿನ ರಸೀದಿ. ಸಲೀಸಾಗಿ ಬರುವ ವಿದ್ಯೆಯನ್ನು ಕೆಲಸವೆಂದು ಎಣಿಸದವರು, ಎಣಿಸಬಹುದಾದದ್ದನ್ನು ಮುಂದಿಟ್ಟು ಬೆಲೆ ಕೇಳುತ್ತಾರೆ. ಹದಿನಾಲ್ಕು ಕಾರಣದ ಹಾಳೆಯನ್ನು ಅವರ ಕಡೆ ತಿರುಗಿಸಿ, "ಈ ಪಟ್ಟಿ ಅವರ ಮನೆಯವರು ಮಾಡ್ಲಿ ಅಂತ ನೀವು ಪೆನ್‌ಡ್ರೈವ್ ಕೊಟ್ಟಿದ್ದೀರಿ" ಅಂದೆ. ನಕ್ಕರು. ನಗು ನಿಂತ ಮೇಲೆ ಇನ್ನೊಂದು ಭಯ ಹೊರಬಂತು: "ನಾನ್ ಬಿಟ್ಟಿದ್ದನ್ನೇ ಕೇಳ್ಬಿಟ್ರೆ?" ಕೇಳಿದರೆ ಕೊಟ್ಟರಾಯಿತು. ಬಿಡುವುದು ಅಂದರೆ ಅಳಿಸುವುದಲ್ಲ, ಹಾರ್ಡ್‌ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಇಷ್ಟು ಸರಳ ಮಾತು ಎರಡು ವರ್ಷ ಅವರಿಗೆ ಹೊಳೆದಿರಲಿಲ್ಲ. ಭಯದಲ್ಲಿರುವವರಿಗೆ ಸರಳವಾದದ್ದು ಹೊಳೆಯುವುದಿಲ್ಲ.

ಆಪ್ತಸಮಾಲೋಚಕಿ ಫೈಲಿಗೆ ಹೆಸರಿಡುವುದನ್ನು ಹೇಳಿಕೊಡಬೇಕೇ ಎಂದು ವೃತ್ತಿಯ ಕೆಲವರು ಆಕ್ಷೇಪಿಸುತ್ತಾರೆ. ಸಲಹೆ ಅಂದರೆ ದಾರಿ ತೋರಿಸುವುದಲ್ಲ, ಅವರೇ ಕಂಡುಕೊಳ್ಳಲು ನೆರವಾಗುವುದು ಎಂಬ ಪಾಠ ನನಗೂ ಗೊತ್ತು. ಆದರೆ ಇವರ ಆತಂಕ ಗಾಳಿಯಿಂದ ಬಂದದ್ದಲ್ಲ, ಬಾಕಿ ಉಳಿದ ಕೆಲಸದಿಂದ ಬಂದದ್ದು. ಉಸಿರಾಟದ ಅಭ್ಯಾಸದಿಂದ ಅಂದಿನ ರಾತ್ರಿ ನಿದ್ದೆ ಬರಬಹುದು, ಬೆಳಗ್ಗೆ 7,412 ಹಾಗೇ ಇರುತ್ತದೆ. ಅದಕ್ಕೇ ಮುಂದಿನ ಎರಡು ಭೇಟಿ ಪೂರ್ತಿ ಕೆಲಸದ ಕ್ರಮಕ್ಕೆ ಹೋಯಿತು. ಬಹುಪಾಲು ಅವರೇ ಹೇಳಿದ್ದು, ನಾನು ಸಾಲಾಗಿ ಜೋಡಿಸಿದ್ದು.

ಮದುವೆ ರಾತ್ರಿಯೇ ಕಾರ್ಡುಗಳನ್ನು ಎರಡು ಬೇರೆ ಡಿಸ್ಕಿಗೆ ಕಾಪಿ. ಎರಡರಲ್ಲೂ ಫೈಲಿನ ಸಂಖ್ಯೆ, ಗಾತ್ರ ತಾಳೆಯಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಇಲ್ಲ. ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಫೋಲ್ಡರ್. ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರೆ ಎರಡೂ ಸಾಮಾನ್ಯವಾಗಿ ಒಂದೇ ಬಗೆಯ ಫೈಲ್ ಹೆಸರಿನಲ್ಲೇ ಬರೆಯುತ್ತವೆ, 9999 ಆದ ಮೇಲೆ ಮತ್ತೆ 0001. ಒಂದೇ ಫೋಲ್ಡರಿಗೆ ಸುರಿದಾಗ 'ರಿಪ್ಲೇಸ್' ಒತ್ತಿದರೆ ಹಿಂದಿನ ಫೋಟೋ ಹೋಯಿತು, 'ಸ್ಕಿಪ್' ಒತ್ತಿದರೆ ಹೊಸದು ಬರಲಿಲ್ಲ. ಗಡಿಯಾರಗಳನ್ನು ಮದುವೆಗೆ ಮುಂಚೆಯೇ ಹೊಂದಿಸಬೇಕು. ಮರೆತಿದ್ದರೆ ಎರಡೂ ಕ್ಯಾಮೆರಾದಲ್ಲಿ ಬಿದ್ದ ಒಂದೇ ಕ್ಷಣ ಹುಡುಕಿ, ಒಂದರ ಸಮಯವನ್ನು ಲೈಟ್‌ರೂಮಿನಲ್ಲಿ ತಿದ್ದಿ, ಆಮೇಲಷ್ಟೇ ದಿನಾಂಕ-ಸಮಯ-ಕ್ಯಾಮೆರಾ ಅಕ್ಷರ ಸೇರಿಸಿ ಮರುಹೆಸರು. ಈ ಕ್ರಮ ತಿರುಗುಮುರುಗಾದರೆ ಮತ್ತೆ ಮೊದಲಿಂದ.

ಆಮೇಲೆ ಆರಿಸುವುದು. ರಾ ಫೈಲಿನೊಳಗೇ ಕ್ಯಾಮೆರಾ ಇಟ್ಟಿರುವ ಪುಟ್ಟ ಜೆಪೆಗ್ ತೋರಿಸುವಂತೆ ಇಂಪೋರ್ಟ್ ಮಾಡಿದರೆ ಕಾಯುವಿಕೆ ಇಲ್ಲ. ಫ್ರೇಮಿಗೆ ಒಂದೂವರೆ ಸೆಕೆಂಡ್ ಅಂದರೂ ಏಳು ಸಾವಿರಕ್ಕೆ ಸುಮಾರು ಮೂರು ಗಂಟೆ. ಎರಡು ಕೂರಿಕೆಯ ಕೆಲಸ. ಕಣ್ಣು ಮುಚ್ಚಿದ್ದು, ಫ್ಲ್ಯಾಶ್ ಹೊಡೆಯದ್ದು, ಟೆಸ್ಟ್ ಶಾಟು, ಒಂದೇ ಬರ್ಸ್ಟಿನ (ಒಂದೇ ಸಮನೆ ಕ್ಲಿಕ್ಕಿಸಿದ ಸಾಲಿನ) ತದ್ರೂಪುಗಳು, ಊಟದ ಬಾಯಿ, ಸೆರಗು ಸರಿಮಾಡಿಕೊಳ್ಳುವ ಗಳಿಗೆ ಹೊರಗೆ. ಒಂದು ನಿಯಮ ಮಾತ್ರ ಮುರಿಯುವಂತಿಲ್ಲ: ಸ್ಟೇಜ್ ಗ್ರೂಪ್ ಫೋಟೋಗಳಲ್ಲಿ ಪ್ರತಿ ಗುಂಪಿನದೂ ಕನಿಷ್ಠ ಒಂದು ಉಳಿಯಬೇಕು. 'ಎಲ್ಲಾ ಕೊಡಿ' ಎನ್ನುವ ಗ್ರಾಹಕರಿಗೆ ಎಲ್ಲವೂ ಬೇಕಿರುವುದಿಲ್ಲ. ದೊಡ್ಡಪ್ಪನ ಮನೆಯವರು ಬಿಟ್ಟುಹೋದರೆ ಮುಂದಿನ ಹಬ್ಬದಲ್ಲಿ ಮುಖ ತೋರಿಸುವುದು ಹೇಗೆ ಎಂಬ ಅಳುಕು ಅವರದು. ಆ ಅಳುಕಿಗೆ ಉತ್ತರ ಸಿಕ್ಕರೆ ರಾಶಿಯ ಬೇಡಿಕೆ ಅರ್ಧ ತಣಿಯುತ್ತದೆ.

ಉಳಿದ ಸುಮಾರು 1,800ಕ್ಕೆ ಪೂರ್ತಿ ಎಡಿಟಿಂಗ್ ಬೇಡ. ಹೋಮದ ಹೊಗೆ, ಸ್ಟೇಜಿನ ಎಲ್‌ಇಡಿ, ಛತ್ರದ ಹೊರಗಿನ ಬಿಸಿಲು ಹೀಗೆ ಬೆಳಕಿಗೊಂದು ಫ್ರೇಮ್ ತಿದ್ದಿ, ಅದೇ ತಿದ್ದುಪಡಿ ಉಳಿದವಕ್ಕೆ ಸಿಂಕ್. ಎಸ್‌ಆರ್‌ಜಿಬಿ ಬಣ್ಣದಲ್ಲಿ, ಉದ್ದದ ಬದಿ 2048 ಪಿಕ್ಸೆಲ್, ಕ್ವಾಲಿಟಿ 80. ಫೋಟೋ ಒಂದಕ್ಕೆ ಒಂದು ಎಂಬಿಯೊಳಗೆ, ಒಟ್ಟು ಎರಡು ಜಿಬಿ ಮೀರದು. ಗೂಗಲ್ ಡ್ರೈವಿನ ಉಚಿತ 15 ಜಿಬಿಯಲ್ಲಿ ಆರಾಮಾಗಿ ಕೂರುತ್ತದೆ, ಫೋನಿನಲ್ಲಿ ತೆರೆಯುತ್ತದೆ. 74 ಜಿಬಿಯ ಮೂಲ ಜೆಪೆಗ್ ಹಾಗಲ್ಲ. ಫೋಲ್ಡರಿಗೆ ಶಾಸ್ತ್ರದ ಹೆಸರು: ಚಪ್ಪರ, ವರಪೂಜೆ, ಆರತಕ್ಷತೆ, ಧಾರೆ, ಗ್ರೂಪ್. ಜೊತೆಗೆ ಸ್ಟುಡಿಯೋ ತಾನೇ ಆರಿಸಿದ 250ರ ಫೋಲ್ಡರ್ ಒಂದು. ಶೀಟಿಗೆ ಆರರಂತೆ 40 ಶೀಟಿನ ಆಲ್ಬಂಗೆ ಸುಮಾರು ಅಷ್ಟೇ ಬೇಕು. ಗ್ರಾಹಕರ ಕೆಲಸ ಈಗ ಏಳು ಸಾವಿರದಿಂದ ಹುಡುಕುವುದಲ್ಲ, 250ರಲ್ಲಿ ಬೇಡದ್ದನ್ನು ತೆಗೆದು ಬೇಕಾದ್ದನ್ನು 1,800ರಿಂದ ಸೇರಿಸುವುದು. ಸೀರೆ ಅಂಗಡಿಯವರು ಗೋಡೌನನ್ನೇ ತಂದು ಸುರಿಯುವುದಿಲ್ಲ. ಮುಖ ನೋಡಿ ಇಪ್ಪತ್ತು ಇಳಿಸುತ್ತಾರೆ, ಕೇಳಿದರೆ ಇನ್ನಷ್ಟು.

ಇಷ್ಟಾದ ಮೇಲೂ ಎಲ್ಲವೂ ಬೇಕು ಅಂದರೆ? ಕೊಡಿ. ಈ ಮಾತಿಗೆ ಛಾಯಾಗ್ರಾಹಕರು ನನ್ನ ಮೇಲೆ ಸಿಟ್ಟಾಗುತ್ತಾರೆ. ಕಂಪನಿಯ ಪ್ರಾಡಕ್ಟ್ ಶೂಟಿನಲ್ಲಿ, ಸ್ವಂತ ಎಡಿಟರ್ ಇರುವ ಏಜೆನ್ಸಿಗೆ, ಇನ್ನೊಂದು ಸ್ಟುಡಿಯೋಗೆ ಫ್ರೀಲಾನ್ಸ್ ಹೋದಾಗ ಪೂರ್ತಿ ಡೇಟಾ ಕೊಡುವುದೇ ಕೆಲಸ. ಮದುವೆ ಮನೆಗೂ ಕೊಡಬಹುದು, ಆದರೆ ಕೊಡುವ ಹೊತ್ತು ಬೇರೆ: ಆರಿಸಿದ್ದು ಕೊಟ್ಟ ಮೇಲೆ, ಬಾಕಿ ಬಂದ ಮೇಲೆ, ಗ್ರಾಹಕರೇ ತಂದ ಹಾರ್ಡ್‌ಡಿಸ್ಕಿಗೆ, ಎಷ್ಟು ಫೈಲು ಎಂದು ಬರೆದು ಸಹಿ ಹಾಕಿಸಿಕೊಂಡು. 24 ಮೆಗಾಪಿಕ್ಸೆಲ್ ರಾ ಒಂದಕ್ಕೆ ಸುಮಾರು 25 ಎಂಬಿ ಹಿಡಿದರೆ ಏಳು ಸಾವಿರಕ್ಕೆ 175 ಜಿಬಿ. ಅದು ಫೋನಿನ ಗ್ಯಾಲರಿಯಲ್ಲಿ, ಟಿವಿಯಲ್ಲಿ ಸರಿಯಾಗಿ ತೆರೆಯದು ಎಂಬುದನ್ನೂ ಮೊದಲೇ ಹೇಳಬೇಕು. ಸ್ಟುಡಿಯೋ ತನ್ನ ಪ್ರತಿಯನ್ನು ಎಷ್ಟು ತಿಂಗಳು ಇಡುತ್ತದೆ ಎಂಬುದೂ ಆ ಹಾಳೆಯಲ್ಲೇ ಇರಲಿ.

ಹುಡುಗಿಯ ತಂದೆಗೆ ಮಾಡಬೇಕಾದ ಫೋನನ್ನು ನನ್ನೆದುರೇ ಮೂರು ಸಲ ಅಭ್ಯಾಸ ಮಾಡಿದರು. ಮೊದಲ ಸಲ ಬರೀ ಕ್ಷಮೆ, ಎರಡನೇ ಸಲ ಬರೀ ವಾದ. ಮೂರನೆಯದು ಉಳಿಯಿತು: "ಅಣ್ಣ, ಅಷ್ಟೂ ಫೋಟೋ ನಿಮ್ ಮೇಲೆ ಹೊರಿಸಿದ್ದು ನನ್ ತಪ್ಪು. ನಾನೇ ಇನ್ನೂರೈವತ್ತು ಆರಿಸಿದ್ದೀನಿ, ಎರಡೂ ಕಡೆಯವ್ರು ಇದ್ದಾರೆ. ಭಾನುವಾರ ಬಂದು ತೋರಿಸ್ತೀನಿ, ಹದಿನೈದು ದಿನ ಟೈಮ್ ತಗೊಳ್ಳಿ. ಆಮೇಲೆ ಡಿಸೈನ್‌ಗೆ ಕೂರ್ತೀನಿ."

ಭಾನುವಾರ ಆ ಮನೆಯವರು ಬದಲಿಸಿದ್ದು ಹತ್ತೊಂಬತ್ತು ಫೋಟೋ. ಸೋದರತ್ತೆಯದು ಎರಡು ಹೆಚ್ಚಿಗೆ ಸೇರಿತು. ಬಾಕಿಯಲ್ಲಿ 25,000 ಕೈಗೆ ಬಂತು, ಉಳಿದದ್ದಕ್ಕೆ ತಡವಾದ ನೆಪ ಹೇಳಿದರು. ಇವರು ಒಪ್ಪಿಕೊಂಡರು, ನಾನೂ ಬೇಡ ಅನ್ನಲಿಲ್ಲ.

ಕೊಟೇಶನ್ನಿನಲ್ಲಿ 'ಅನ್‌ಲಿಮಿಟೆಡ್' ಹೊಡೆದುಹಾಕಿ 'ಆರಿಸಿ ತಿದ್ದಿದ ಸುಮಾರು 1,800' ಎಂದು ಬರೆದ ವಾರವೇ ಒಂದು ಬುಕಿಂಗ್ ಪಕ್ಕದ ಸ್ಟುಡಿಯೋಗೆ ಹೋಯಿತು. "ಅವ್ರು ಎಲ್ಲಾ ಕೊಡ್ತಾರಂತೆ ಮೇಡಂ" ಎಂದು ಫೋನ್ ಮಾಡಿ ಹೇಳಿದರು, ದನಿಯಲ್ಲಿ ನನ್ನ ಮೇಲೂ ಸ್ವಲ್ಪ ದೂರಿತ್ತು. ಉಳಿದ ಮೂರು ಮದುವೆಗಳಲ್ಲಿ ಎರಡರ ಆಲ್ಬಂ ಲ್ಯಾಬಿಗೆ ಹೋಗಿವೆ. ಮೂರನೆಯ ಮನೆಯವರು ಇನ್ನೂ ಪಟ್ಟಿ ಕಳಿಸಿಲ್ಲ. ಮುಂದಿನ ತಿಂಗಳ ಮೊದಲ ವಾರದೊಳಗೆ ಬಾರದಿದ್ದರೆ ಸ್ಟುಡಿಯೋ ಆರಿಸಿದ್ದೇ ಡಿಸೈನ್‌ಗೆ ಹೋಗುತ್ತದೆ ಎಂದು ಅವರಿಗೆ ಬರೆದು ತಿಳಿಸಿದ್ದಾರೆ.