ಕಾಟಾ ಮುಂದೆ ಕೂತಾಗಲೂ ನೀವು ಕ್ರೈಸ್ತರೇ

ರಾಯಚೂರಿನ ಒಬ್ಬ ತಂಗಿ ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಹತ್ತಿ, ಭತ್ತದ ವ್ಯಾಪಾರ ಮಾಡುವ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವರದು. ಆಯುಧ ಪೂಜೆ ದಿನ ಕಾಟಾಕ್ಕೆ, ಅಂದರೆ ತೂಕದ ಯಂತ್ರಕ್ಕೆ, ಪೂಜೆ ಮಾಡಿ ಎಲ್ಲರಿಗೂ ಕುಂಕುಮ ಕೊಟ್ಟರಂತೆ. ಇವರು ಬೇಡ ಅಂದರು. 'ಧರ್ಮ ಮನೆಯಲ್ಲಿ ಇಟ್ಟು ಬಾರಮ್ಮ, ಇದು ಸೆಕ್ಯುಲರ್ ದೇಶ' ಅಂದರಂತೆ ಜೊತೆಯವರು. ಚರ್ಚಿನ ಸಭೆಯ ಹಿರಿಯರನ್ನು ಕೇಳಿದರೆ 'ಅಂಥ ಕಡೆ ಯಾಕೆ ಕೆಲಸ ಮಾಡ್ತಿ, ಲೋಕದಿಂದ ದೂರ ಇರು' ಅಂದರು. ಯಾರ ಮಾತು ಕೇಳಲಿ ಅನ್ನುವುದು ಪ್ರಶ್ನೆ.

ತಂಗಿ, ಜೊತೆಯವರ ಮಾತಿನಲ್ಲೂ ಸ್ವಲ್ಪ ನ್ಯಾಯ ಇದೆ. ಧರ್ಮದ ಹೆಸರಲ್ಲಿ ಊರುಗಳು ಹೊತ್ತಿ ಉರಿದದ್ದನ್ನು ಈ ದೇಶ ಬೇಕಾದಷ್ಟು ಕಂಡಿದೆ. ಆ ಹೆದರಿಕೆಯಿಂದ ಅಂದಿರಬಹುದು. ಆದರೂ ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಬಾ ಅನ್ನುವುದು ಆಗದ ಮಾತು. ನಮ್ಮ ಸಂವಿಧಾನವೂ ಹಾಗೆ ಹೇಳುವುದಿಲ್ಲ. ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು 25ನೇ ವಿಧಿ ಕೊಟ್ಟಿದೆ. ಪೀಠಿಕೆಗೆ 1976ರಲ್ಲಿ 'ಸೆಕ್ಯುಲರ್' ಪದ ಸೇರುವುದಕ್ಕೆ ಎಷ್ಟೋ ಮೊದಲೇ ಈ ಹಕ್ಕು ಇತ್ತು.

ಇನ್ನು ಕುಂಕುಮದ ವಿಷಯ. ಅದಕ್ಕೆ ಇಷ್ಟು ನೊಂದುಕೊಳ್ಳಬೇಕಿಲ್ಲ. ಹಳೆಯ ಗ್ರೀಸಿನ ಕೊರಿಂಥ ಕೂಡ ನಿಮ್ಮ ರಾಯಚೂರಿನ ಹಾಗೆ ವ್ಯಾಪಾರದ ಊರು. ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬೇಕೋ ಬೇಡವೋ ಅಂತ ಅಲ್ಲಿನ ಕ್ರೈಸ್ತರು ಜಗಳವಾಡುತ್ತಿದ್ದರು. ಅಪೊಸ್ತಲ ಪೌಲ ಅವರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಎಷ್ಟು ನಿಧಾನವಾಗಿ ತಿಳಿಸಿ ಹೇಳಿದ್ದಾನೆ ನೋಡಿ. ಪೂಜೆಯಲ್ಲಿ ಪಾಲು ಬೇಡ ಅಂದವನೂ ಅವನೇ. ಅಂಗಡಿಯಲ್ಲಿ ಮಾರಿದ್ದನ್ನು ವಿಚಾರಣೆ ಮಾಡದೆ ತಿನ್ನಿ, ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ ಅಂದವನೂ ಅವನೇ. ಆ ಮನೆಗೆ ಕಾಲಿಡಬೇಡಿ ಅನ್ನಲಿಲ್ಲ. ನೀವು ಕುಂಕುಮ ಬೇಡ ಅಂದದ್ದು ಸರಿ. ಮುಖ ಗಂಟು ಹಾಕಿಕೊಳ್ಳದೆ ಅಂದಿದ್ದರೆ ಇನ್ನೂ ಸರಿ. ಬರುವ ವರ್ಷ ಬೇಗ ಹೋಗಿ ಅಂಗಡಿ ಗುಡಿಸಲು, ಕಾಟಾ ಒರೆಸಲು ಕೈಜೋಡಿಸಿ. ಪೂಜೆ ಹೊತ್ತಿಗೆ ಸುಮ್ನೆ ಪಕ್ಕಕ್ಕೆ ನಿಲ್ಲಿ. ಆಮೇಲೆ ಒಗ್ಗರಣಿ, ಮಿರ್ಚಿ ತರಿಸಿದಾಗ ಎಲ್ಲರ ಜೊತೆ ಕೂತು ತಿನ್ನಿ.

ನನಗೆ ಸಂಕಟವಾದದ್ದು ಬೇರೆ ಕಡೆ. ಪತ್ರದ ಕೊನೆಗೆ ಹೀಗೆ ಬರೆದಿದ್ದೀರಿ: 'ಚೀಟಿ ಬರೆಯುವಾಗ ಚೀಲಕ್ಕೆ ಒಂದೆರಡು ಕೆಜಿ ಕಮ್ಮಿ ಬರಿ ಅಂತಾರೆ ಸಾವ್ಕಾರ್ರು, ಅದು ಎಲ್ಲಾ ಕಡೆ ಇದ್ದದ್ದೇ.' ಕುಂಕುಮಕ್ಕೆ ಪುಟಗಟ್ಟಲೆ, ಇದಕ್ಕೆ ಒಂದು ಸಾಲು. ಹೀಗೇಕೆ ತಂಗಿ?

ಆ ಚೀಟಿ ಯಾರ ಕೈಗೆ ಹೋಗುತ್ತದೆ ಅಂತ ನಿಮಗೆ ಗೊತ್ತು. ದೇವದುರ್ಗದ ಕಡೆಯಿಂದ ರಾತ್ರಿಯೇ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದು, ಚೀಲದ ಮೇಲೇ ಮಲಗಿ ಎದ್ದ ರೈತ. ಕಾಟಾ ಕಡೆ ನೋಡುತ್ತಾನೆ, ನಿಮ್ಮ ಪೆನ್ನಿನ ಕಡೆ ನೋಡುತ್ತಾನೆ. ಬರೆದದ್ದು ಓದಲು ಬರುವುದಿಲ್ಲ. ಚೀಟಿ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು 'ಬರೋಬ್ಬರಿ ಐತೇನಮ್ಮಾ' ಅಂತ ನಿಮ್ಮನ್ನೇ ಕೇಳುತ್ತಾನೆ. ನಿಮ್ಮ ನಂಬಿಕೆಗೆ ಅಂಗಡಿಯಲ್ಲಿ ಪರೀಕ್ಷೆ ನಡೆಯುವುದು ಆ ಹೊತ್ತಿಗೆ. ಹಣೆಯ ಮೇಲೆ ಏನಿದೆ ಏನಿಲ್ಲ ಅಂತ ಅವನು ನೋಡುವುದಿಲ್ಲ.

ಬೈಬಲಿನಲ್ಲಿ ತಕ್ಕಡಿಯ ಮಾತು ಎಷ್ಟು ಸಲ ಬರುತ್ತದೆ ಅಂತ ಒಮ್ಮೆ ಹುಡುಕಿ. ಚೀಲದಲ್ಲಿ ಎರಡು ಥರದ ತೂಕದ ಕಲ್ಲು ಇಟ್ಟುಕೊಳ್ಳಬೇಡ ಅನ್ನುತ್ತದೆ ಧರ್ಮೋಪದೇಶಕಾಂಡ. ಪ್ರವಾದಿ ಆಮೋಸನ ಪುಸ್ತಕದ 8ನೇ ಅಧ್ಯಾಯವಂತೂ ನಮ್ಮ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ನಿಂತು ಬೈದ ಹಾಗೇ ಇದೆ: ಹಬ್ಬ ಯಾವಾಗ ಮುಗಿಯುತ್ತದೋ, ಕಾಳು ಯಾವಾಗ ಮಾರೋಣವೋ, ಅಳತೆ ಕಿರಿದು ಮಾಡಿ ಕಸವನ್ನೂ ಗೋದಿಗೆ ಸೇರಿಸೋಣ ಅನ್ನುವವರ ಮೇಲೆ ಅವನ ಕೋಪ.

ಬಳ್ಳಾರಿಯಲ್ಲಿ ನನಗೆ ಗೊತ್ತಿರುವ ಒಬ್ಬರು ಜೀನ್ಸ್ ಹೊಲಿಯುತ್ತಾರೆ, ಪೀಸಿಗೆ ಇಷ್ಟು ಅಂತ ಕೂಲಿ. ಒಂದು ದಿನ ಮಾಲೀಕರು ದೊಡ್ಡ ಕಂಪನಿಯ ಹೆಸರಿದ್ದ ಲೇಬಲ್ ಕಟ್ಟು ತಂದು ಮಷೀನಿನ ಮೇಲೆ ಇಟ್ಟರು. ಇವರು ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ವಾಪಸ್ ಕೊಟ್ಟು, 'ಪ್ಯಾಂಟ್ ಎಷ್ಟಾದ್ರೂ ಹೊಲೀತೀನಿ ಸಾವ್ಕಾರ್ರೆ, ಇದೊಂದು ನನ್ನ ಕೈಲಿ ಆಗಲ್ಲ' ಅಂದರು. ಯೇಸುವಿನ ಹೆಸರೂ ಎತ್ತಲಿಲ್ಲ. ಕೆಲಸ ಹೋಯಿತು. ಈಗ ಇನ್ನೊಂದು ಕಡೆ ಕಮ್ಮಿ ಕೂಲಿಗೆ ಹೊಲಿಯುತ್ತಿದ್ದಾರೆ. ಅವರ ಸಾಕ್ಷಿಯನ್ನು ಯಾವ ಉಜ್ಜೀವನ ಕೂಟದಲ್ಲೂ ಹೇಳಿಸಿದ್ದು ನಾನು ಕೇಳಿಲ್ಲ. ಕಾಯಿಲೆ ವಾಸಿಯಾದವರನ್ನು, ವೀಸಾ ಸಿಕ್ಕವರನ್ನು ವೇದಿಕೆಗೆ ಕರೆಯುತ್ತೇವೆ. ಸುಳ್ಳು ಲೇಬಲ್ ಹೊಲಿಯದವನನ್ನು ಯಾಕೆ ಕರೆಯುವುದಿಲ್ಲ?

ನಿಮ್ಮ ಹಿರಿಯರಿಗೆ ಬೈಬಲಿನ ಯೆರೆಮೀಯನ 29ನೇ ಅಧ್ಯಾಯವನ್ನು ಓದಿ ಹೇಳಿ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ದೇವರು ಓಡಿಬನ್ನಿ ಅನ್ನಲಿಲ್ಲ. ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮ ಬಯಸಿ ಅಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಮೊದಲು ಮಾಡಿದ್ದು ಇಲ್ಲಿಯ ಮಾತು ಕಲಿಯುವ ಕೆಲಸ. ಆತ, ವಿಲಿಯಂ ರೀವ್ ಮತ್ತಿತರರು ದುಡಿದ ಮೇಲೆ 1831ಕ್ಕೆ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ರೀವ್ ನಿಘಂಟನ್ನೂ ಮಾಡಿದ. ಊರಿನಿಂದ ದೂರ ನಿಂತಿದ್ದರೆ ಇದಾಗುತ್ತಿತ್ತೇ? ನಿಮ್ಮ ಜಿಲ್ಲೆಯ ಮುದಗಲ್ಲನ್ನೇ ನೋಡಿ. ಆದಿಲ್ ಶಾಹಿ ಕಾಲದಿಂದ ಅಲ್ಲಿ ಕ್ರೈಸ್ತರಿದ್ದಾರೆ, ಅದೇ ಊರಿನ ಮೊಹರಂಗೆ ಹಿಂದೂಗಳೂ ಸೇರುತ್ತಾರೆ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ನಂಬಿಕೆಯನ್ನು ಬಚ್ಚಿಡುವವರನ್ನು ಹೇಡಿಗಳು ಅಂತ ಬೈಯುವುದು ಸುಲಭ. ಪರಿಶಿಷ್ಟ ಜಾತಿಯವರು ಯಾರು ಅಂತ ಗುರುತಿಸುವ 1950ರ ಆದೇಶ ಮೊದಲು ಹೆಚ್ಚುಕಡಿಮೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಇನ್ನೂ ಹೊರಗೇ ಇದ್ದಾರೆ. ಕೇರಿ ಅದೇ, ಅವಮಾನ ಅದೇ, ಮಗನಿಗೆ ಹಾಸ್ಟೆಲ್ ಸೀಟು ಬೇಕು. ಹೀಗಿರುವಾಗ ಭಾನುವಾರ ಹಾಡುವ ಅಪ್ಪ ಸೋಮವಾರ ಅರ್ಜಿಯಲ್ಲಿ ಬೇರೆ ಬರೆದರೆ ಅವನ ಮೇಲೆ ನಾನು ಕಲ್ಲು ಎಸೆಯಲಾರೆ. ಎರಡು ತೂಕದ ಕಲ್ಲು ಇಟ್ಟುಕೊಂಡಿರುವುದು ಇಲ್ಲಿ ಸರ್ಕಾರ. ನಮ್ಮ ಬಿಷಪ್ಪರು, ಪಾಸ್ಟರುಗಳು ಸಭೆಯ ಆಸ್ತಿ ಜಗಳಕ್ಕೆ ಕೋರ್ಟು ಹತ್ತುವಷ್ಟು ಹುರುಪನ್ನು ಇದಕ್ಕೂ ತೋರಿಸಲಿ.

ನಿಮಗೆ ಅಂಥ ಒತ್ತಡ ಇಲ್ಲ ತಂಗಿ, ಪೆನ್ನು ನಿಮ್ಮ ಕೈಯಲ್ಲೇ ಇದೆ. ಎಲ್ಲರೆದುರು ಬೇಡ, ಸಾವ್ಕಾರ್ರು ಒಬ್ಬರೇ ಇರುವಾಗ 'ಕಾಟಾ ತೋರಿಸಿದ್ದನ್ನೇ ಬರೀತೀನಿ' ಅಂತ ಮರ್ಯಾದೆಯಿಂದ ಹೇಳಿ. ಒಪ್ಪಿದರೂ ಒಪ್ಪಬಹುದು. ಕೆಲಸ ಹೋದರೆ ನಮಗೆ ಬರೆಯಿರಿ. ಲೆಕ್ಕ ಬಲ್ಲವರು ಬೇಕು ಅನ್ನುವ ನಾಲ್ಕು ಜನ ನನಗೆ ಗೊತ್ತು, ವಿಚಾರಿಸುತ್ತೇನೆ.

— ಸಂ.